ನಮ್ಮ ನೆಲಮಾಳಿಗೆಯಲ್ಲಿ ಬಿಜಯಂಗೈದಿರುವ ಮುಂದಿನ ಎಡ ಟೈರಿನವರಿಗೆ

ಮಾನ್ಯರೇ, ದುಂಡು ಮೈಯವರೇ, ಕಡುಗಪ್ಪು ಕಾಂತಿಯವರೇ, ನನ್ನ ಆಲೂಗಡ್ಡೆಗಳನ್ನು ಎಬ್ಬಿಸಿ ಅವುಗಳ ಜಾಗದಲ್ಲಿ ಒರಗಿ ಕುಳಿತವರೇ,

ಐಫೆಲ್ ಬೆಟ್ಟದ ಈ ಊರಿನ ದೇವಾಲಯದಲ್ಲಿ ಹೂವು, ಮೇಣದಬತ್ತಿಗಳ ಕೆಲಸ ನೋಡಿಕೊಳ್ಳುವವಳೂ ಶಾಲಾ ಬಸ್ಸಿನ ಚಾಲಕ ಹೆರಿಬೆರ್ಟ್ ಥೆಲೆನ್‌ನ ಹೆಂಡತಿಯೂ ಆದ ರೋಸ್ವಿತಾ ಎಂಬ ನಾನು ತಮ್ಮ ಪಾದಗಳಿಗೆ, ಪಾದಗಳಿಲ್ಲವಾದ್ದರಿಂದ ತಮ್ಮ ನಡುವಿನ ತೂತಿಗೆ, ಬಾಗಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ನಾವು ಮನೆಮಂದಿ ದೇವರ ದಯದಿಂದ ಕ್ಷೇಮ, ತಾವು ಕ್ಷೇಮವಾಗಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತು. ಗಂಡನನ್ನು ನೀನು ಎನ್ನುವವಳು ಟೈರನ್ನು ತಾವು ಎನ್ನುತ್ತಿದ್ದಾಳಲ್ಲ ಎಂದು ಓದುವವರು ಆಶ್ಚರ್ಯಪಡಬಾರದು. ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಮರ್ಯಾದೆ ಸಲ್ಲುತ್ತದೋ ನಾನು ಅಷ್ಟನ್ನೇ ಬರೆದಿದ್ದೇನೆ.

ಈ ಪತ್ರವನ್ನು ನೆಲಮಾಳಿಗೆಗೆ ಇಳಿದು ತಮಗೊಬ್ಬರಿಗೇ ಓದಿ ಹೇಳಬಹುದಾಗಿತ್ತು. ಆದರೆ ನಾವೆಲ್ಲ ರಿಂಗ್ ಎಂದು ಕರೆಯುವ, ದುಡ್ಡು ಕಟ್ಟಿದ ಯಾರು ಬೇಕಾದರೂ ಸ್ವಂತ ಕಾರು ಓಡಿಸಬಹುದಾದ ರೇಸಿನ ರಸ್ತೆ ನಮ್ಮ ಕಾಡನ್ನೇ ಸುತ್ತಿಕೊಂಡು ಹೋಗುವುದರಿಂದ ಈ ಊರಿನ ಅರ್ಧ ಗಂಡಸರ ನೆಲಮಾಳಿಗೆಗಳಲ್ಲಿ ತಮ್ಮ ಕುಲಬಾಂಧವರು ಹೊದಿಕೆ ಹೊದ್ದು ಮಲಗಿದ್ದಾರೆ, ಮತ್ತು ಆ ಮನೆಗಳ ಹೆಂಗಸರೆಲ್ಲ ಭಾನುವಾರ ನನ್ನ ಹಿಂದಿನ ಸಾಲಿನಲ್ಲೇ ಕೂರುತ್ತಾರೆ. ಅವರಿಗೂ ತಿಳಿಯಲಿ ಎಂದು ಇದನ್ನು ದೇವಾಲಯದ ಸೂಚನಾ ಫಲಕದಲ್ಲಿ, ಗಾಯನ ವೃಂದದ ಪ್ರಕಟಣೆಯ ಪಕ್ಕದಲ್ಲಿ, ಗುರುಗಳ ಅನುಮತಿ ಕೇಳಿಯೇ ಅಂಟಿಸುತ್ತಿದ್ದೇನೆ.

ದೂರು ಒಂದೇ. ಪ್ರಭು ಪುನರುತ್ಥಾನವಾದ ಪಾಸ್ಕ ಹಬ್ಬದ ಮಾರನೆಯ ಸೋಮವಾರ ತಾವು ನನ್ನ ಒಬ್ಬಳೇ ಮಗಳು ಯೂಡಿತ್‌ಳನ್ನು ಹೆರಿಬೆರ್ಟ್‌ನ ಕಾರಿನಲ್ಲಿ, ಅವನ ಪಕ್ಕದ ಸೀಟಿನಲ್ಲಿ ಹೊತ್ತುಕೊಂಡು ರಿಂಗ್ ಸುತ್ತಬೇಕಾಗಿತ್ತು. ಆ ಘನಕಾರ್ಯಕ್ಕೆ ತಾವು ಎಂಥ ಸಿದ್ಧತೆ ಮಾಡಿಕೊಂಡಿದ್ದಿರಿ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ತಾವೀಗ ಎಲ್ಲಿಗೂ ಉರುಳಿ ಹೋಗುವ ಸ್ಥಿತಿಯಲ್ಲಿಲ್ಲವಾದ್ದರಿಂದ ಕೊನೆಯತನಕ ಕೇಳಿಸಿಕೊಳ್ಳಬೇಕಾಗಿ ವಿನಂತಿ.

ತಮ್ಮ ಆಯ್ಕೆಯೇ ಒಂದು ಮಹೋತ್ಸವವಾಗಿತ್ತು. ನನ್ನನ್ನು ಹೆರಿಬೆರ್ಟ್ ಆರಿಸಿಕೊಂಡದ್ದು ಬೆಂಕಿ ಆರಿಸುವ ದಳದವರ ಹಬ್ಬದಲ್ಲಿ, ಒಂದು ಪೋಲ್ಕಾ ಕುಣಿತ ಮುಗಿಯುವಷ್ಟರೊಳಗೆ. ಅದರಲ್ಲೂ ಅರ್ಧ ಹೊತ್ತು ಅವನು ನನ್ನ ಕಾಲು ತುಳಿಯುವುದರಲ್ಲೇ ಕಳೆದ. ತಮ್ಮನ್ನು ಆರಿಸಿಕೊಳ್ಳಲು ಮಾತ್ರ, ಬೀಚ್ ಮರಗಳು ಕೆಂಪಾದಂದಿನಿಂದ ಬೋಳಾಗುವವರೆಗೆ, ಒಂದಿಡೀ ಎಲೆಯುದುರುವ ಕಾಲ ಬೇಕಾಯಿತು. ಮರದ ಮಿಲ್ಲಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಕ್ಲೆಮೆನ್ಸ್ ಸಂಜೆ ಸಂಜೆ ಬಂದು, ನನ್ನ ಅಡುಗೆಮನೆಯ ಮೇಜಿನ ಮೇಲೆ ಮೊಣಕೈ ಊರಿ, ಭಾವನಿಗೆ ರಬ್ಬರಿನ ಉಪದೇಶ ಮಾಡುತ್ತಿದ್ದ. ಮೆತ್ತನೆಯ ರಬ್ಬರಿನವರು ತಿರುವಿನಲ್ಲಿ ರಸ್ತೆಯನ್ನು ಜೇನಿನಂತೆ ಹಿಡಿದುಕೊಳ್ಳುತ್ತಾರಂತೆ, ಆದರೆ ಸೋಪಿನ ಬಿಲ್ಲೆಯ ಹಾಗೆ ನೋಡನೋಡುತ್ತ ಕರಗುತ್ತಾರಂತೆ. ಗಟ್ಟಿ ರಬ್ಬರಿನವರು ಬಹುಕಾಲ ಬಾಳುತ್ತಾರಂತೆ, ಆದರೆ ಅವಸರದ ಹೊತ್ತಿನಲ್ಲಿ ಕೈ ಬಿಡುತ್ತಾರಂತೆ. ಮೈಮೇಲೆ ಗೀರುಗಳೇ ಇಲ್ಲದವರು ಒಣ ರಸ್ತೆಯಲ್ಲಿ ರಾಜರಂತೆ, ಆದರೆ ನಾಲ್ಕು ಹನಿ ಬಿದ್ದರೆ ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆದ ಹಾಗಂತೆ, ಸಾಲದ್ದಕ್ಕೆ ಅವರನ್ನು ಊರ ರಸ್ತೆಗೆ ಇಳಿಸಿದರೆ ಪೊಲೀಸರು ಹಿಡಿಯುತ್ತಾರಂತೆ. ಇದೆಲ್ಲವನ್ನೂ ನಾನು ಆಲೂಗಡ್ಡೆ ತುರಿಯುತ್ತಾ ಕೇಳಿದೆ. ಗಾಡಿ ಸಣ್ಣದು, ಹಗುರ, ಪದಕ ಗೆಲ್ಲುವ ಯೋಗ ಭಾವನಿಗಿಲ್ಲ, ಆದ್ದರಿಂದ ತೀರಾ ಮೆತ್ತನೆಯವರನ್ನು ಸಾಕುವ ದುಂದು ಬೇಡ, ನಡುಮಟ್ಟದವರೇ ಸಾಕು ಎಂದು ಕೊನೆಗೆ ತೀರ್ಮಾನವಾಗಿ, ಬೆಚ್ಚಗಾಗದೆ ಅವರು ಕೆಲಸ ಮಾಡುವುದಿಲ್ಲ, ಹೆಚ್ಚು ಬಿಸಿಯಾದರೆ ಕೆಟ್ಟುಹೋಗುತ್ತಾರೆ, ತಣ್ಣಗಿದ್ದಾಗ ಅವಸರ ಮಾಡಬಾರದು ಎಂದು ಕ್ಲೆಮೆನ್ಸ್ ತಮ್ಮ ಗುಣಗಾನ ಮಾಡುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಇಷ್ಟೊತ್ತು ನೀನು ಹೇಳಿದ್ದು ಟೈರಿನ ವಿಚಾರನೋ, ನಿನ್ನ ಭಾವನ ವಿಚಾರನೋ?" ಎಂದೆ.

ಕ್ಲೆಮೆನ್ಸ್ ಮೇಜು ಕುಟ್ಟಿ ನಕ್ಕ. ಹೆರಿಬೆರ್ಟ್‌ಗೆ ಕೇಳಿಸಲಿಲ್ಲ, ಅವನು ತಮ್ಮ ಚಿತ್ರ ನೋಡುತ್ತಿದ್ದ.

ಕ್ರಿಸ್ತಜಯಂತಿಗೆ ಮುಂಚೆ, ಪ್ರಭುವಿನ ಆಗಮನಕ್ಕಾಗಿ ನಾವೆಲ್ಲ ಮೇಣದಬತ್ತಿ ಹಚ್ಚಿ ಕಾಯುತ್ತಿದ್ದ ದಿನಗಳಲ್ಲಿ, ತಾವು ಆಗಮಿಸಿದಿರಿ. ತಮ್ಮನ್ನು ಬಿಸಿಲು ಕಾಣುವ ಕಡೆ ಇಡುವಂತಿಲ್ಲ, ಹಿಮಗಟ್ಟುವ ಚಳಿಯಲ್ಲಿ ಇಟ್ಟರೆ ಮೈ ಬಿರುಕು ಬಿಡುತ್ತದೆ, ಮೋಟಾರು ಓಡುವ ಯಂತ್ರದ ಹತ್ತಿರ ಇಟ್ಟರೆ ಅದರ ಗಾಳಿಗೆ ರಬ್ಬರು ಮುಪ್ಪಾಗುತ್ತದೆ ಎಂಬ ಕಟ್ಟಳೆಗಳನ್ನು ಹೆರಿಬೆರ್ಟ್ ಓದಿಕೊಂಡಿದ್ದ. ಅಷ್ಟೆಲ್ಲ ಲಕ್ಷಣವಿರುವ ಜಾಗ ನಮ್ಮ ಮನೆಯಲ್ಲಿ ಒಂದೇ, ನನ್ನ ನೆಲಮಾಳಿಗೆ. ಆಲೂಗಡ್ಡೆ ಪೆಟ್ಟಿಗೆಗಳಲ್ಲಿ ಒಂದನ್ನು ಬಿಟ್ಟು ಉಳಿದವು ಹೊರಗಿನ ಕೊಟ್ಟಿಗೆಗೆ ಹೋದವು, ಅಲ್ಲಿ ಚಳಿ ಹೊಡೆದು ಸಿಹಿಯಾದವು. ಮಾಂಸ ಇಡುವ ಹೆಪ್ಪುಪೆಟ್ಟಿಗೆ ಹಜಾರಕ್ಕೆ ಬಂತು. ಈಗ ನೆಂಟರು ಬಂದರೆ ಕೋಟು ಬಿಚ್ಚಿ ಅದರ ಮೇಲೇ ಹಾಕುತ್ತಾರೆ. ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ನಮ್ಮ ಗೋದಲಿಯ ಗೊಂಬೆಗಳು ಅಟ್ಟಕ್ಕೆ ಹೋದವು, ಅಟ್ಟದಲ್ಲಿ ಇಲಿಗಳು ನನ್ನ ತಾಯಿ ಕಾಗದದ ಹಿಟ್ಟಿನಿಂದ ಮಾಡಿದ ಕತ್ತೆಯ ಒಂದು ಕಿವಿ ತಿಂದವು. ಬಾಲಯೇಸುವನ್ನು ಉಸಿರಿನಿಂದ ಬೆಚ್ಚಗಿಟ್ಟ ಕತ್ತೆಗೆ ಒಂದು ಕಿವಿಯಿಲ್ಲ, ತಮಗೆ ಮಾತ್ರ ನನ್ನ ತಾಯಿಯ ಕಾಲದ ನಾರಿನ ಪರದೆಯಿಂದ ಹೊಲಿದ ಹೊದಿಕೆ. ಹೊಲಿದವಳು ನಾನೇ. ಗೋಡೆಗೆ ಒರಗಿ, ಮುಖ ನಮ್ಮ ಕಡೆಗೆ ಮಾಡಿ, ನಾಲ್ಕೂ ಜನ ಕುಳಿತ ಠೀವಿಯನ್ನು ಕಂಡು ನಾನು ಮೆಟ್ಟಿಲ ಮೇಲೆ ನಿಂತು, ಇವರಿಗೆ ಧೂಪ ಹಾಕುವುದೊಂದು ಬಾಕಿ ಎಂದುಕೊಂಡೆ.

ತಮ್ಮ ಮಹಿಮೆಗಳಲ್ಲಿ ನಾನು ಮೊದಲು ಕೊಂಡಾಡಬೇಕಾದದ್ದು ರೋಗ ವಾಸಿಮಾಡುವ ಶಕ್ತಿ. ಹೆರಿಬೆರ್ಟ್‌ಗೆ ಮಂಡಿನೋವು. ಬಲಿಪೂಜೆಯಲ್ಲಿ ಎಲ್ಲರೂ ಮಂಡಿಯೂರುವಾಗ ಅವನು ಮುಂದಿನ ಬೆಂಚಿಗೆ ಕೈಕೊಟ್ಟು ಅರ್ಧ ಬಾಗಿ, ಮಂಡಿಯೂರಿದವನ ಹಾಗೂ ಇಲ್ಲ, ಕೂತವನ ಹಾಗೂ ಇಲ್ಲ, ಬಸ್ಸು ಕಾಯುವವನ ಹಾಗೆ ಇರುತ್ತಾನೆ. ಗುರುಗಳೂ ಪಾಪ ಎಂದು ಸುಮ್ಮನಿದ್ದಾರೆ. ಅದೇ ಮನುಷ್ಯ ರಿಂಗ್‌ಗೆ ಹೊರಡುವ ಬೆಳಿಗ್ಗೆ ಅಂಗಳದ ಒದ್ದೆ ಕಲ್ಲಿನ ಮೇಲೆ ತಮ್ಮ ಮುಂದೆ ಎರಡೂ ಮಂಡಿ ಊರಿ, ಗಾಳಿಯ ಅಳತೆ ನೋಡಿ, ಎದ್ದು, ಮುಂದಿನ ಬಲದವರ ಬಳಿ ಊರಿ, ಎದ್ದು, ಹಿಂದಿನವರಿಬ್ಬರ ಬಳಿಯೂ ಊರಿ ಏಳುತ್ತಾನೆ. ತಣ್ಣಗಿರುವಾಗ ಗಾಳಿ ಕಡಿಮೆ ಇಡಬೇಕಂತೆ, ಓಡಿ ಬಿಸಿಯಾದಾಗ ಅದು ತಾನಾಗಿ ಏರುತ್ತದಂತೆ, ಏರಿದ್ದನ್ನು ಬಿಸಿ ಆರುವ ಮೊದಲೇ ಅಳೆದು ಇಳಿಸಬೇಕಂತೆ. ಆದ್ದರಿಂದ ಅಲ್ಲಿ ಪ್ರತಿ ಓಟ ಮುಗಿದಾಗಲೂ ಇದೇ ಪ್ರದಕ್ಷಿಣೆ. ದೇವರ ಮುಂದೆ ಬಾಗದ ಮಂಡಿಯನ್ನು ಬಾಗಿಸಿದ ತಮ್ಮನ್ನು ಯಾತ್ರಾಸ್ಥಳವೊಂದರಲ್ಲಿ ಪ್ರತಿಷ್ಠಾಪಿಸಬೇಕೆಂದು ಮೇಲಿನವರಿಗೆ ಬರೆಯಲೇ ಎಂದು ನಾನು ಯೋಚಿಸಿದ್ದುಂಟು.

ಎರಡನೆಯದು ತಮ್ಮ ವಿಶ್ರಾಂತಿಯ ನಿಷ್ಠೆ. ಹೊಸದಾಗಿ ಬಂದ ತಮ್ಮನ್ನು ಮೊದಲ ದಿನ ಮೆಲ್ಲಗೆ ಓಡಿಸಿ, ಹದವಾಗಿ ಬೆಚ್ಚಗೆ ಮಾಡಿ, ಆಮೇಲೆ ಮುಟ್ಟದೆ ಪೂರ್ತಿ ಒಂದು ದಿನ ಮಲಗಲು ಬಿಡಬೇಕು, ಆಗ ರಬ್ಬರು ಹದಗೊಂಡು ಬಹುಕಾಲ ಬಾಳುತ್ತದೆ ಎಂದು ಕ್ಲೆಮೆನ್ಸ್ ವಿಧಿಸಿದ. ಭಾನುವಾರ ಸೌದೆ ಸೀಳಬೇಡ, ದೇವರು ವಿಶ್ರಾಂತಿಗೆ ಕೊಟ್ಟ ದಿನ ಎಂದು ನಾನು ಹೇಳುತ್ತಾ ಬಂದದ್ದು ಹೆರಿಬೆರ್ಟ್‌ನ ಕಿವಿಗೆ ಎಂದೂ ಇಳಿದಿಲ್ಲ. ತಮ್ಮ ವಿಶ್ರಾಂತಿಯ ದಿನ ಮಾತ್ರ ಅವನು ನೆಲಮಾಳಿಗೆಯ ಬಾಗಿಲನ್ನೂ ಸದ್ದಾಗದಂತೆ ಹಾಕಿದ. ಓಟದ ಕೊನೆಯ ಸುತ್ತನ್ನು ಮೆಲ್ಲಗೆ ಸುತ್ತಿ ತಮ್ಮ ಮೈ ಆರಿಸುತ್ತಾನೆ. ಪ್ರತಿಸಲ ಕಾದು ಆರುವಾಗಲೂ ತಾವು ಕೊಂಚ ಗಟ್ಟಿಯಾಗುತ್ತೀರಂತೆ, ಆದ್ದರಿಂದ ಸುಮ್ಮಸುಮ್ಮನೆ ಕಾಯಿಸಬಾರದಂತೆ. ನಾನು ಎಷ್ಟು ಸಲ ಕಾದು ಆರಿದ್ದೇನೆ ಎಂದು ಯಾರೂ ಕೇಳಿಲ್ಲ.

ಇನ್ನು ಸೀಮೆಸುಣ್ಣದ ವಿಚಾರ. ಜನವರಿಯಲ್ಲಿ, ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ಹಬ್ಬದಂದು ಊರಿನ ಮಕ್ಕಳು ಕಿರೀಟ ಕಟ್ಟಿಕೊಂಡು, ಕೋಲಿನ ತುದಿಗೆ ನಕ್ಷತ್ರ ಸಿಕ್ಕಿಸಿಕೊಂಡು ಹಾಡುತ್ತಾ ಬಂದು, ಗುರುಗಳು ಆಶೀರ್ವದಿಸಿದ ಸೀಮೆಸುಣ್ಣದಿಂದ ನಮ್ಮ ಬಾಗಿಲ ಮೇಲೆ ಆ ವರ್ಷವನ್ನೂ ಸಿ, ಎಂ, ಬಿ ಎಂಬ ಮೂರು ಅಕ್ಷರಗಳನ್ನೂ ಬರೆದು ಹೋಗುತ್ತಾರೆ. ಆ ಬರಹವಿರುವ ಮನೆಯನ್ನು ಕ್ರಿಸ್ತನು ಕಾಯುತ್ತಾನೆ. ಉಳಿದ ತುಂಡನ್ನು ನಾನು ಶಿಲುಬೆಯ ಕೆಳಗೆ ಬಟ್ಟಲಿನಲ್ಲಿ ಇಡುತ್ತೇನೆ, ನನ್ನ ಅಜ್ಜಿಯೂ ಇಡುತ್ತಿದ್ದಳು. ತಾವು ಬಂದ ಮೊದಲ ವಸಂತದಲ್ಲಿ, ಧೂಳು ಒರೆಸಲು ಹೋದರೆ ಬಟ್ಟಲು ಖಾಲಿ. ಅಂಗಳಕ್ಕೆ ಬಂದು ನೋಡಿದರೆ ಗರಡಿಗೆ ಹೊರಟ ಪೈಲ್ವಾನರ ಹಾಗೆ ನಾಲ್ಕೂ ಜನರ ಭುಜದ ಮೇಲೆ ಬಿಳಿಯ ಪಟ್ಟೆ. ನೆಲಕ್ಕೆ ತಾಗುವ ಮೈಯಿಂದ ಪಕ್ಕೆಯವರೆಗೆ ಹೀಗೆ ಗೆರೆ ಎಳೆದು ಓಡಿಸಿದರೆ, ತಿರುವಿನಲ್ಲಿ ಟೈರು ಎಲ್ಲಿಯವರೆಗೆ ಮಗುಚಿಕೊಂಡಿತು ಎಂಬುದು ಗೆರೆ ಅಳಿದ ಜಾಗದಿಂದ ತಿಳಿಯುತ್ತದಂತೆ. ತೀರಾ ಪಕ್ಕೆಯವರೆಗೆ ಅಳಿದರೆ ಗಾಳಿ ಸಾಲದು, ಭುಜದ ಮೇಲೇ ಉಳಿದರೆ ಗಾಳಿ ಹೆಚ್ಚು. ಬಾಗಿಲು ಕಾಯಬೇಕಾದ ಸೀಮೆಸುಣ್ಣ ಗಾಳಿ ಅಳೆಯುವ ಕೆಲಸಕ್ಕೆ ಸೇರಿತ್ತು.

"ಸೀಮೆಸುಣ್ಣ ಎಲ್ಲಾ ಒಂದೇ ತಾನೇ, ರೋಸಾ?" ಎಂದ ಹೆರಿಬೆರ್ಟ್. "ಪೇಟೆಗೆ ಹೋಗಿ ತರೋಕೆ ಹೊತ್ತಿರಲಿಲ್ಲ."

"ಎಲ್ಲಾ ಒಂದೇ ಆದ್ರೆ ಭಾನುವಾರ ಪರಮಪ್ರಸಾದದ ಬದಲು ಬಿಸ್ಕತ್ತು ತಿನ್ನು" ಎಂದೆ ನಾನು.

ಕಾರಿನ ಅಡಿಯಿಂದ ಕ್ಲೆಮೆನ್ಸ್‌ನ ಧ್ವನಿ ಬಂತು. "ಬಿಡಕ್ಕ, ಟೈರಿಗೂ ಆಶೀರ್ವಾದ ಬೇಡ್ವಾ? ಭಾವ ಗಾಡಿ ಓಡಿಸೋದನ್ನ ನೀನು ನೋಡಿಲ್ಲ."

ಈ ವರ್ಷದ ತುಂಡನ್ನು ನಾನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ. ಹೆರಿಬೆರ್ಟ್ ಎಲ್ಲಿ ಬೇಕಾದರೂ ಕೈಹಾಕುತ್ತಾನೆ, ಹಿಟ್ಟಿನ ಡಬ್ಬಿಗೆ ಹಾಕುವುದಿಲ್ಲ.

ಆ ಮೊದಲ ಬೇಸಗೆಯಲ್ಲಿ ಸೀಮೆಸುಣ್ಣ ಒಂದು ಚಾಡಿ ಹೇಳಿತು. ರಿಂಗ್‌ನಲ್ಲಿ ಬಲಕ್ಕೆ ತಿರುಗುವುದೇ ಹೆಚ್ಚಾದ್ದರಿಂದ ಕಾರಿನ ಭಾರವೆಲ್ಲ ಮುಂದಿನ ಎಡಭಾಗದ ತಮ್ಮ ಮೇಲೇ ಬಿದ್ದು, ತಮ್ಮ ಹೊರ ಅಂಚು ಉಳಿದವರಿಗಿಂತ ಬೇಗ ಸವೆಯುತ್ತಿತ್ತು. ಹೆರಿಬೆರ್ಟ್ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಕ್ಲೆಮೆನ್ಸ್ ಬಂದು ಮುಂದಿನ ಚಕ್ರಗಳ ತಲೆಯನ್ನು ಒಳಕ್ಕೆ ಬಾಗಿಸಿದ, ಅಷ್ಟಕ್ಕೆ ತೃಪ್ತಿಯಾಗದೆ ಬಾತುಕೋಳಿಯ ಪಾದದಂತೆ ಅವುಗಳ ಮೂತಿಯನ್ನು ಹೊರಕ್ಕೂ ತಿರುಗಿಸಿದ. ಹೀಗೆ ಮಾಡಿದರೆ ತಿರುವಿನಲ್ಲಿ ಟೈರು ನೇರವಾಗಿ ನಿಂತು ಮೈತುಂಬ ನೆಲ ಹಿಡಿಯುತ್ತದೆ, ಹೊರ ಅಂಚು ಉಳಿಯುತ್ತದೆ ಎಂದ. ಉಳಿಯಿತು. ಬಿಳಿ ಗೆರೆ ಎಲ್ಲಿ ಅಳಿಯಬೇಕೋ ಅಲ್ಲೇ ಅಳಿಯಿತು. ಅಂದಿನಿಂದ ಹೆರಿಬೆರ್ಟ್ ನೆರೆಯವರನ್ನೆಲ್ಲ ಕರೆದು ತಮ್ಮ ಭುಜ ತೋರಿಸತೊಡಗಿದ. ಯೂಡಿತ್ ಹುಟ್ಟಿದಾಗಲೂ ಅವನು ಅಷ್ಟು ಜನರನ್ನು ಕರೆದಿರಲಿಲ್ಲ. ಚಕ್ರ ಬದಲಿಸುವ ಸೋಮಾರಿತನಕ್ಕೆ, ಆ ಬಾತುಕೋಳಿ ನಡಿಗೆಯಲ್ಲೇ, ದಿನಾ ಬೆಳಿಗ್ಗೆ ಬಸ್ಸು ನಿಲ್ಲುವ ಕೊಟ್ಟಿಗೆಗೂ ತಮ್ಮ ಮೇಲೇ ಹೋಗಿಬಂದ. ಮಕ್ಕಳ ಬಸ್ಸನ್ನು ಟ್ರ್ಯಾಕ್ಟರುಗಳೂ ದಾಟಿ ಹೋಗುವಷ್ಟು ಮೆಲ್ಲಗೆ ಓಡಿಸುವ ಎಚ್ಚರದ ಮನುಷ್ಯ ಅವನು, ಇದನ್ನು ನಾನು ಎಲ್ಲರೆದುರು ಒಪ್ಪುತ್ತೇನೆ. ಬಸ್ಸಿನ ಟೈರುಗಳನ್ನು ದಿನಾ ಸುತ್ತಲೂ ತಟ್ಟಿ ನೋಡುತ್ತಾನೆ. ತಮ್ಮನ್ನು ಮಾತ್ರ ನೋಡುವುದಿಲ್ಲ, ದರ್ಶನ ಮಾಡುತ್ತಾನೆ. ದರ್ಶನ ಮಾಡುವವರು ಮೂರ್ತಿಯ ಬೆನ್ನು ನೋಡುವುದಿಲ್ಲವಷ್ಟೆ.

ಎಲೆಯುದುರುವ ಕಾಲ ಮುಗಿಯುತ್ತಾ ಬಂದ ಒಂದು ಮಳೆಯ ದಿನ ಇಬ್ಬರೂ ಅವಸರದಲ್ಲಿ ತಮ್ಮನ್ನು ಕಳಚಿ, ಒದ್ದೆಯಲ್ಲೇ ನೆಲಮಾಳಿಗೆಗೆ ಇಳಿಸಿ, ನಾನು ಹೊಲಿದ ಹೊದಿಕೆ ಎಳೆದು, ಮುಖ ಈ ಕಡೆಗೆ, ಬೆನ್ನು ಗೋಡೆಯ ಕಡೆಗೆ ಮಾಡಿ ಕೂರಿಸಿದರು.

ಕೊಬ್ಲೆನ್ಸ್‌ನಲ್ಲಿ ಸೂಲಗಿತ್ತಿ ಕೆಲಸ ಕಲಿಯುತ್ತಿರುವ ಯೂಡಿತ್ ಕ್ರಿಸ್ತಜಯಂತಿಗೆ ಬಂದವಳು, ಇಷ್ಟು ವರ್ಷ ಬೇಲಿಯಾಚೆ ನಿಂತು ನೋಡಿದ್ದು ಸಾಕು, ಪಾಸ್ಕಕ್ಕೆ ಬಂದಾಗ ಅಪ್ಪ ತನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತಬೇಕು ಎಂದು ಹಟ ಹಿಡಿದಳು. ನಾನು ಬೇಡವೆಂದೆ. ಅವಳು ನಕ್ಕಳು. ಹೆರಿಬೆರ್ಟ್ ನನ್ನ ಮುಖ ನೋಡದೆ, ಟೈರುಗಳು ಚೆನ್ನಾಗಿವೆ, ಭಯವೇನೂ ಇಲ್ಲ ಎಂದ. ಕೊನೆಗೆ ನಾನು ಒಂದು ಕರಾರು ಹಾಕಿದೆ: ಶುಭ ಶುಕ್ರವಾರ, ಪರವೂರಿನ ಕಾರುಗಳೆಲ್ಲ ಬಂದು ಪ್ರಭುವಿನ ಮರಣದ ದಿನ ನಮ್ಮ ಕಣಿವೆಯಲ್ಲಿ ಗುಡುಗಾಡುವಾಗ, ನಮ್ಮ ಅಂಗಳದಲ್ಲಿ ಎಂಜಿನ್ ಸದ್ದು ಕೇಳಕೂಡದು; ಹಾಗಾದರೆ ಸೋಮವಾರ ಹೋಗಬಹುದು. ಅವನು ಶಿಲುಬೆಯ ಗುರುತು ಹಾಕಿ ಒಪ್ಪಿದ.

ಮಾತು ಉಳಿಸಿಕೊಂಡ. ಶುಭ ಶುಕ್ರವಾರ ಬೆಳಿಗ್ಗೆ, ದೇವಾಲಯದ ಗಂಟೆಗಳು ರೋಮಿಗೆ ಹಾರಿಹೋಗಿವೆಯೆಂದು ಹೇಳಿ ಅವನ್ನು ಬಾರಿಸದ ದಿನವಾದ್ದರಿಂದ ಮಕ್ಕಳು ಮರದ ಗಿಲಕಿ ತಿರುಗಿಸುತ್ತಾ ಪ್ರಾರ್ಥನೆಯ ಹೊತ್ತು ಸಾರಿಕೊಂಡು ಹೋಗುತ್ತಿದ್ದಾಗ, ಹೆರಿಬೆರ್ಟ್ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ನೆಲಮಾಳಿಗೆಗೆ ಇಳಿದ, ಅಷ್ಟೇ. ನಾನು ಮೇಲಿನಿಂದ ಕೂಗಿದ್ದಕ್ಕೆ, ನೋಡುವುದೂ ಪಾಪವೇ ಎಂದು ಕೇಳಿದ, ನನ್ನನ್ನೂ ಕೆಳಗೆ ಕರೆದ. ತಮ್ಮ ಹೊದಿಕೆ ಸರಿಸಿ, ಮಸುಕಾಗಿ ಉಳಿದಿದ್ದ ಗೆರೆಯ ತುದಿಯ ಮೇಲೆ ಬೆರಳಿಟ್ಟು, "ಎಷ್ಟು ಅಂದವಾಗಿ ಸವೆದಿದೆ ನೋಡು, ರೋಸಾ. ಇನ್ನೊಂದು ಬೇಸಗೆ ಆರಾಮಾಗಿ ಬಾಳುತ್ತೆ" ಎಂದ. ತಾವು ಏನೂ ಹೇಳಲಿಲ್ಲ. ಹೇಳಲು ತಮ್ಮಲ್ಲಿ ಎಷ್ಟೊಂದಿತ್ತು.

ಅವನು ದೊಡ್ಡ ಶಿಲುಬೆ ನಿಲ್ಲಿಸಲು ಗಂಡಸರ ಜೊತೆ ದೇವಾಲಯಕ್ಕೆ ಹೋದ. ಯೂಡಿತ್ ಇನ್ನೂ ಬಂದಿರಲಿಲ್ಲ, ಸಂಜೆಯ ರೈಲಿಗೆ ಬರುವವಳು. ನಾನು ಅಡುಗೆಗೆ ಆಲೂಗಡ್ಡೆ ತರಲು ಮತ್ತೆ ಇಳಿದವಳು ತಮ್ಮ ಮುಂದೆ ನಿಂತೆ. ಸೋಮವಾರ ನನ್ನ ಮಗಳು ಇವರ ಮೇಲೆ ಹೋಗುತ್ತಾಳೆ, ಹೋದ ವರ್ಷದ ಆಶೀರ್ವಾದವನ್ನು ಇವರು ರಸ್ತೆಗೆ ತೇಯ್ದು ಮುಗಿಸಿದ್ದಾರೆ, ಹೇಗೂ ಸೀಮೆಸುಣ್ಣದ ರುಚಿ ಹತ್ತಿದೆ, ಈ ಸಲ ಸರಿಯಾದ ಅಕ್ಷರವನ್ನಾದರೂ ಬರೆದು ಕಳಿಸೋಣ ಎನ್ನಿಸಿತು. ಮೇಲೆ ಹೋಗಿ ಹಿಟ್ಟಿನ ಡಬ್ಬಿಯಿಂದ ತುಂಡನ್ನು ತೆಗೆದು ತಂದೆ. ಮುಖದ ಮೇಲೆ ಬರೆದರೆ ಕ್ಲೆಮೆನ್ಸ್ ನೋಡಿ ಊರಿಗೆಲ್ಲ ಸಾರುತ್ತಾನೆಂದು, ತಮ್ಮನ್ನು ಅಪ್ಪಿ ಹಿಡಿದು, ಕಷ್ಟಪಟ್ಟು ತಿರುಗಿಸಿ, ಬೆನ್ನ ಮೇಲೆ ಬರೆಯಲು ನೋಡಿದೆ.

ಬೆನ್ನಿಗೆ ಕೊಳೆ ಮೆತ್ತಿತ್ತು. ಬಿಸಿಯಾದ ಟೈರು ರಸ್ತೆಯಲ್ಲಿ ಉದುರಿ ಬಿದ್ದ ಬೇರೆಯವರ ರಬ್ಬರಿನ ಚೂರುಗಳನ್ನೆಲ್ಲ ಮೈಗೆ ಅಂಟಿಸಿಕೊಂಡು ಬರುತ್ತದಲ್ಲ, ಹೆರಿಬೆರ್ಟ್ ಅದನ್ನು ಹೊರ ಅಂಚಿನಿಂದ ಕೆರೆದು ಕೆರೆದು ತೆಗೆಯುತ್ತಿದ್ದ. ಒಳ ಅಂಚಿನಲ್ಲಿ ಅದು ಹಾಗೇ ಕಪ್ಪು ಹೆಕ್ಕಳೆಯಾಗಿ ಕೂತಿತ್ತು. ಪವಿತ್ರ ಅಕ್ಷರ ಕೊಳೆಯ ಮೇಲೆ ಬರೆಯಬಾರದೆಂದು ನಾನು ಏಪ್ರನ್ನಿನಿಂದ ಉಜ್ಜಿದೆ. ಹೆಕ್ಕಳೆ ಎದ್ದು ಬಂತು. ಬೆರಳಿಗೆ ಚುಚ್ಚಿತು. ಸೂಜಿಗಿಂತ ಸಣ್ಣ ತಂತಿಗಳು, ಮುರಿದು, ಕೂದಲಿನ ಹಾಗೆ ಎದ್ದು ನಿಂತಿದ್ದವು, ಅಂಚಿನುದ್ದಕ್ಕೂ. ರಬ್ಬರು ಎಂಬುದೇ ಅಲ್ಲಿರಲಿಲ್ಲ. ತಮ್ಮ ಎಲುಬು ಕಾಣುತ್ತಿತ್ತು.

ಮಾನ್ಯರೇ, ಎಂಥ ಕಲಾವಿದರು ತಾವು. ಹೊರಗೆ ಆ ತುಂಬಿದ ಭುಜ, ಆ ಬಿಳಿಯ ಪಟ್ಟೆ, ನೆರೆಹೊರೆಯವರ ಹೊಗಳಿಕೆಗೆ ನಗುವ ಆ ಮುಖ. ಒಳಗೆ, ಗೋಡೆಯ ಕಡೆಗೆ, ಸತ್ತುಹೋಗಿದ್ದಿರಿ. ತಲೆ ಬಾಗಿಸಿ, ಪಾದ ತಿರುಗಿಸಿ ನಿಲ್ಲಿಸಿದ ದಿನದಿಂದ ಊರ ರಸ್ತೆಯಲ್ಲಿ ತಾವು ನಿಂತದ್ದೆಲ್ಲ ಆ ಒಳ ಅಂಚಿನ ಮೇಲೇ, ಬಸ್ಸಿನ ಕೊಟ್ಟಿಗೆಗೆ ಹೋಗಿಬಂದದ್ದೆಲ್ಲ ಅದರ ಮೇಲೇ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಪ್ರಾರ್ಥಿಸುವ ಕೆಲವರನ್ನು ನಾನು ಬಲ್ಲೆ. ಅವರೂ ಇಷ್ಟು ಅಚ್ಚುಕಟ್ಟಾಗಿ ಮಾಡಲಾರರು.

ಹೆರಿಬೆರ್ಟ್ ಮತ್ತು ಕ್ಲೆಮೆನ್ಸ್ ಬಂದಾಗ ನಾನು ಇನ್ನೂ ಅಲ್ಲೇ ನೆಲದ ಮೇಲೆ ಕೂತಿದ್ದೆ, ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದು ಬೆರಳು ಬಾಯಲ್ಲಿ. ಮೆಟ್ಟಿಲ ಮೇಲಿನಿಂದಲೇ ಕ್ಲೆಮೆನ್ಸ್, "ಭಾವ, ಅಕ್ಕ ಟೈರಿಗೂ ಬಾಗಿಲ ಬರಹ ಬರೀತಿದ್ದಾಳೆ, ಇನ್ನು ಗಂಟೆ ಕಟ್ಟೋದೊಂದು ಬಾಕಿ" ಎಂದವನು, ಇಳಿದು ಬಂದು ನೋಡಿ, ಟೋಪಿ ತೆಗೆದ. ಹೆರಿಬೆರ್ಟ್ ತನ್ನ ಎರಡೂ ಮಂಡಿ ಊರಿ ಕೂತ. ತಂತಿಗಳ ಮೇಲೆ ಬೆರಳಾಡಿಸಿದ. ಆಮೇಲೆ ಮುಂದಿನ ಬಲದವರನ್ನೂ ತಿರುಗಿಸಿ ನೋಡಿದ, ಅವರೂ ಹಾಗೇ. ಹೊರಗೆ ಗಿಲಕಿಗಳು ಹೋಗುತ್ತಿದ್ದವು.

"ಸೋಮವಾರ ಇದರ ಮೇಲೆ ಯೂಡಿತ್‌ನ ಕೂರಿಸ್ಕೊಂಡು ಹೋಗ್ತಿದ್ನಲ್ಲ" ಎಂದ ಹೆರಿಬೆರ್ಟ್.

ಆ ಕ್ಷಣಕ್ಕೆಂದೇ ನಾನು ಅಷ್ಟು ಕಾಲದಿಂದ ಕೂಡಿಟ್ಟುಕೊಂಡಿದ್ದ ಮಾತುಗಳಿದ್ದವು, ಆಲೂಗಡ್ಡೆಯದು, ಹೆಪ್ಪುಪೆಟ್ಟಿಗೆಯದು, ಕತ್ತೆಯ ಕಿವಿಯದು, ಮಂಡಿಯದು. ಒಂದೂ ಬಾಯಿಗೆ ಬರಲಿಲ್ಲ. ಅವನ ಮುಖ ನೋಡಿದ ಮೇಲೆ ಆಡುವ ಹಾಗಿರಲಿಲ್ಲ. ಆದ್ದರಿಂದಲೇ ಅವನ್ನೆಲ್ಲ ಒಂದೂ ಬಿಡದೆ ಇಲ್ಲಿ ತಮಗೆ ಹೇಳುತ್ತಿದ್ದೇನೆ. ತಮಗೆ ತಡೆಯುವ ಶಕ್ತಿಯಿದೆ.

ಅಂದು ಮೂರು ಗಂಟೆಗೆ ದೇವಾಲಯದಲ್ಲಿ ಪ್ರಭು ಪ್ರಾಣಬಿಟ್ಟ ಮಾತು ಓದಿ ಎಲ್ಲರೂ ಮಂಡಿಯೂರಿದಾಗ ಹೆರಿಬೆರ್ಟ್ ಬರಿಯ ಕಲ್ಲಿನ ಮೇಲೆ ಊರಿದ. ಎಲ್ಲರೂ ಎದ್ದರು, ಅವನು ಏಳಲಿಲ್ಲ. ಮಂಡಿ ನೋಯಲಿಲ್ಲವೇ ಎಂದು ನಾನು ಕೇಳಲಿಲ್ಲ.

ಸೋಮವಾರ ಕಾರು ಅಂಗಳ ಬಿಡಲಿಲ್ಲ. ಪಾಸ್ಕದ ಸೋಮವಾರ ಎಲ್ಲರೂ ಹೋಗುವಂತೆ ನಾವೂ ಜಡೆಹೆಣೆದ ಸಿಹಿ ಬ್ರೆಡ್ಡು, ಬಣ್ಣ ಹಾಕಿದ ಮೊಟ್ಟೆ ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ನಡೆದು ಹೋದೆವು, ರಿಂಗ್‌ನ ಬೇಲಿಯ ಹತ್ತಿರ ಕೂತು ತಿಂದೆವು. ಒಳಗೆ ಕಾರುಗಳು ಹೋಗುತ್ತಿದ್ದವು. ಹೆರಿಬೆರ್ಟ್ ಪ್ರತಿಯೊಂದರ ಚಕ್ರದ ಒಳಬದಿ ಕಾಣುತ್ತದೋ ಎಂದು ಕತ್ತು ಚಾಚುತ್ತಿದ್ದ. ಯೂಡಿತ್ ಮೊಟ್ಟೆ ಸುಲಿಯುತ್ತಾ, "ಅಪ್ಪಾ, ಹೊಟ್ಟೆ ಹೊರಗಿಂದ ಚೆನ್ನಾಗಿ ಕಾಣುತ್ತೆ ಅಂತ ನಾವು ಬಸುರೀನ ಮನೆಗೆ ಕಳಿಸಲ್ಲ, ಮುಟ್ಟಿ ನೋಡ್ತೀವಿ" ಎಂದಳು. ಅವನು, ಹೌದಮ್ಮ, ಎಂದ. ಅಷ್ಟು ವಿಧೇಯನಾದ ಹೆರಿಬೆರ್ಟ್‌ನನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಈಗ ನನ್ನ ಬೇಡಿಕೆಗಳು. ತಾವು ರಸ್ತೆಗೆ ತೇಯ್ದು ಮುಗಿಸಿದ ಸೀಮೆಸುಣ್ಣದ ಆಶೀರ್ವಾದವನ್ನು ತಿರುವು ತಿರುವಿಗೆ ಹೋಗಿ ಗುಡಿಸಿ ತಂದು ಬಟ್ಟಲಿಗೆ ತುಂಬಿಕೊಡಬೇಕು. ಅಟ್ಟಕ್ಕೆ ಉರುಳಿ ಹತ್ತಿ ಕತ್ತೆಯ ಕ್ಷಮೆ ಕೇಳಬೇಕು, ಜೋರಾಗಿ ಕೇಳಬೇಕು, ಅದಕ್ಕೆ ಒಂದೇ ಕಿವಿ. ಬರುವ ತಪಸ್ಸುಕಾಲದಲ್ಲಿ ಗುರುಗಳ ಬಳಿ ಪಾಪನಿವೇದನೆಗೆ ಹೋಗಿ, ಮುಖವನ್ನಲ್ಲ, ಬೆನ್ನನ್ನು ತೋರಿಸಬೇಕು. ಸಿಹಿಯಾದ ಆಲೂಗಡ್ಡೆಗಳನ್ನು ಮೊದಲಿನಂತೆ ಮಾಡಿಕೊಡಬೇಕು. ಇವು ಯಾವುವೂ ಆಗದಿದ್ದರೆ, ತಮ್ಮ ಹೊಟ್ಟೆಗೆ ಮಣ್ಣು ತುಂಬಿ ಸ್ಟ್ರಾಬೆರಿ ನೆಡಲು ಹಿತ್ತಿಲಲ್ಲಿ ಜಾಗ ನೋಡಿದ್ದೇನೆ. ಅಲ್ಲಿ ಬಿಸಿಲೂ ಬೀಳುತ್ತದೆ, ಹಿಮವೂ ಬೀಳುತ್ತದೆ, ಹೊದಿಕೆಯ ಏರ್ಪಾಡಿಲ್ಲ. ಆದರೂ ನನ್ನ ಬೆರಳು ಚುಚ್ಚಿದ ಒಂದು ಉಪಕಾರಕ್ಕೆ, ತಾವು ಬದುಕಿನಲ್ಲಿ ಆಡಿದ ಒಂದೇ ಒಂದು ನಿಜವಾದ ಮಾತಿಗೆ, ನಾನು ದೇವಮಾತೆಯ ಮುಂದೆ ಒಂದು ಮೇಣದಬತ್ತಿ ಹಚ್ಚಿದ್ದೇನೆ. ಸಣ್ಣದು.

ತಮ್ಮ ವಿಶ್ವಾಸಿಯೂ ತಮ್ಮ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದವಳೂ ಆದ,
ರೋಸ್ವಿತಾ ಥೆಲೆನ್

ಸಹಿಯ ಕೆಳಗೆ ಇನ್ನೊಂದು ಮಾತು: ತಮ್ಮ ಸ್ಥಾನಕ್ಕೆ ಹೊಸಬರು ಬರುವ ಗುರುವಾರ ಬರುತ್ತಿದ್ದಾರೆ. ಈ ಸಲ ಆಯ್ಕೆ ಒಂದೇ ಸಂಜೆಯಲ್ಲಿ ಮುಗಿಯಿತು. ಕ್ಲೆಮೆನ್ಸ್ ಬಾತುಕೋಳಿಯ ಪಾದ ನೇರ ಮಾಡಿದ್ದಾನೆ, ತಲೆಯನ್ನೂ ಮುಕ್ಕಾಲು ಎತ್ತಿದ್ದಾನೆ, ಬಸ್ಸಿನ ಕೊಟ್ಟಿಗೆಗೆ ಹೆರಿಬೆರ್ಟ್ ಸೈಕಲ್ ತುಳಿಯುತ್ತಾನೆ. ಪೇಟೆಯಿಂದ ಒಂದು ಪೆಟ್ಟಿಗೆ ಸಾದಾ ಸೀಮೆಸುಣ್ಣ ಬಂದಿದೆ. ಹೊಸಬರಿಗೆ ತಾವೇ ತಿಳಿಸಿಬಿಡಿ, ಮುಖ ಸಿಂಗರಿಸಿಕೊಂಡು ಕೂರುವ ಕಾಲ ಮುಗಿಯಿತು: ಯೂಡಿತ್ ಕೂರುವ ದಿನ ಹೊರ ಅಂಚಿನ ಬಳಿ ಅವನು ಮಂಡಿಯೂರುತ್ತಾನೆ, ಒಳ ಅಂಚಿನ ಬಳಿ ನಾನು.